ನಮ್ಮ ನಂತರ ಇವನನ್ನು ನೋಡಿಕೊಳ್ಳುವವರು ಯಾರು?



ಹೃದ್ರೋಗದ ಡಾಕ್ಟರು ಅಂಗವಿಕಲರ ಕಾನೂನಿನ ಬಗ್ಗೆ ಯಾಕೆ ಬರೆಯುತ್ತಾರೆ ಎಂದು ನಿಮಗೆ ಅನಿಸಬಹುದು. ಕಾರಣ ಸರಳ. ತಿರುವನಂತಪುರದ ಉಳ್ಳೂರಿನ ಸುತ್ತ ಚಿಕಿತ್ಸೆಗೆ ಬರುವ ಕನ್ನಡದವರಲ್ಲಿ ಕೆಲವರು ಇಲ್ಲೇ ಬ್ಯಾಂಕಿನಲ್ಲೋ ತುಂಬಾದ ಬಾಹ್ಯಾಕಾಶ ಕೇಂದ್ರದಲ್ಲೋ ಕೆಲಸದಲ್ಲಿರುವವರು. ಇನ್ನು ಕೆಲವರು ಕಾಸರಗೋಡಿನಿಂದ ರಾತ್ರಿ ರೈಲು ಹತ್ತಿ ಬರುವವರು. ಅಂಗವಿಕಲ ಮಗ ಅಥವಾ ಮಗಳು ಇರುವ ತಾಯಂದಿರಿಗೆ "ಆಂಜಿಯೋಗ್ರಾಂ ಬೇಕು, ಎರಡು ದಿನ ಅಡ್ಮಿಟ್ ಆಗಿ" ಎಂದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಮಗನನ್ನು ಬಿಟ್ಟು ಬರುವುದು ಹೇಗೆ ಡಾಕ್ಟರೇ? ಮುಂದಿನ ತಿಂಗಳು ನೋಡೋಣ." ಹೃದಯ ಮುಂದಿನ ತಿಂಗಳವರೆಗೆ ಕಾಯುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಹಿಂದೆ ಇವರಲ್ಲಿ ಬಹಳ ಮಂದಿ ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಿದ್ದರು. 1983ರ ಹೊತ್ತಿಗೆ ಅಮೆರಿಕದಲ್ಲೂ ಇವರ ಸರಾಸರಿ ಆಯಸ್ಸು 25 ವರ್ಷವಷ್ಟೇ. ಈಗ ಶೈಶವದಲ್ಲೇ ಶಸ್ತ್ರಚಿಕಿತ್ಸೆ ಆಗುತ್ತದೆ, ಒಳ್ಳೆಯ ಆರೈಕೆ ಸಿಕ್ಕರೆ 60ರವರೆಗೆ ಬದುಕುತ್ತಾರೆ. ಸಂತೋಷದ ಸಂಗತಿ. ಆದರೆ ಇದರ ಅರ್ಥ ಮಗು ತಂದೆತಾಯಿಯ ನಂತರವೂ ಬದುಕಿರುತ್ತದೆ. ಹಾಗಾಗಿ "ನಮ್ಮ ನಂತರ ಯಾರು?" ಎಂಬ ಪ್ರಶ್ನೆಗೆ ನೀವು ಗಟ್ಟಿಮುಟ್ಟಾಗಿ ಇರುವಾಗಲೇ ಉತ್ತರ ಹುಡುಕಬೇಕು.

ಕಾನೂನು ಏನು ಹೇಳುತ್ತದೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅಂಗವೈಕಲ್ಯದ ಪಟ್ಟಿ 7ರಿಂದ 21ಕ್ಕೆ ಏರಿತು. ಅದರ 5ನೇ ಸೆಕ್ಷನ್ ಪ್ರಕಾರ ಅಂಗವಿಕಲರಿಗೆ ಸಮಾಜದ ನಡುವೆ ಬದುಕುವ ಹಕ್ಕಿದೆ. ಇಂಥ ಕಡೆಯೇ ಇರಬೇಕು ಎಂದು ಅವರನ್ನು ಬಲವಂತ ಮಾಡುವಂತಿಲ್ಲ. ಅಂದರೆ "ದೊಡ್ಡವನಾದ ಮೇಲೆ ಆಶ್ರಮಕ್ಕೆ ಸೇರಿಸುವುದು" ಒಂದೇ ದಾರಿ ಅಲ್ಲ. ನಾಲ್ಕೈದು ಮಂದಿ ಒಂದು ಮನೆಯಲ್ಲಿ ಸಹಾಯಕರ ಜೊತೆ ಇರುವುದು, ಸ್ವಂತ ಮನೆಯಲ್ಲೇ ಸಹಾಯ ಪಡೆದು ಇರುವುದು, ಇವೂ ದಾರಿಗಳೇ.

ಹಕ್ಕು ಕಾಗದದಲ್ಲಿದೆ, ಹಣ ಅಷ್ಟಾಗಿ ಇಲ್ಲ. ಆಸ್ಟ್ರೇಲಿಯಾದಲ್ಲಿರುವ ನಿಮ್ಮ ಬಂಧುಗಳನ್ನು ಕೇಳಿ: ಅಲ್ಲಿ ಅರ್ಹರಾದ ಅಂಗವಿಕಲರಿಗೆ ಸಹಾಯಕರ ಸಂಬಳವನ್ನು ಸರ್ಕಾರದ ರಾಷ್ಟ್ರೀಯ ಯೋಜನೆಯೇ ಕೊಡುತ್ತದೆ, ಬಾಡಿಗೆ ಮತ್ತು ಊಟ ಮಾತ್ರ ಅವರದು. ತಾತ್ಕಾಲಿಕ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ನಮ್ಮಲ್ಲಿ ಕೇರಳ ಸರ್ಕಾರ 2025ರ ನವೆಂಬರ್‌ನಿಂದ ಸಾಮಾಜಿಕ ಪಿಂಚಣಿಯನ್ನು ತಿಂಗಳಿಗೆ 1600ರಿಂದ 2000 ರೂಪಾಯಿಗೆ ಏರಿಸಿತು, ಅಂಗವಿಕಲರ ಪಿಂಚಣಿಯೂ ಇದರಲ್ಲಿ ಸೇರಿದೆ. ಕೇಂದ್ರದ ಪಾಲು 2012ರಿಂದ 300 ರೂಪಾಯಿಯಲ್ಲೇ ನಿಂತಿದೆ, ಅದೂ ಶೇಕಡ 80 ವೈಕಲ್ಯ ಇರುವ ಬಡವರಿಗೆ ಮಾತ್ರ. ಮನೆಗೆ ಸಹಾಯಕರನ್ನು ಇಟ್ಟುಕೊಳ್ಳಲು ಇದು ಸಾಲದು. ಆದ್ದರಿಂದಲೇ ಸಿಗುವ ಒಂದೊಂದು ಸೌಲಭ್ಯವನ್ನೂ ಬಿಡದೆ ಜೋಡಿಸಿಕೊಳ್ಳಬೇಕು.

ನೀವು ಮಾಡಬೇಕಾದ್ದು:

1. ಯುಡಿಐಡಿ ಕಾರ್ಡ್. ಕೇಂದ್ರದ ಯೋಜನೆಗಳಿಗೆ 2023ರ ಏಪ್ರಿಲ್‌ನಿಂದ ಇದು ಕಡ್ಡಾಯ. 2024ರ ಅಕ್ಟೋಬರ್‌ನ ಹೊಸ ನಿಯಮದಂತೆ ಕಾರ್ಡಿಗೆ ಮೂರು ಬಣ್ಣ: ಶೇಕಡ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಪ್ರಮಾಣಪತ್ರ ಕೊಡುವ ಅವಧಿಯೂ ಒಂದು ತಿಂಗಳಿಂದ ಮೂರು ತಿಂಗಳಿಗೆ ಏರಿದೆ, ಆದ್ದರಿಂದ ಬೇಗ ಅರ್ಜಿ ಹಾಕಿ. ಕರ್ನಾಟಕದಲ್ಲಿ ಮಾಡಿಸಿದ ಕಾರ್ಡ್ ಕೇರಳದಲ್ಲೂ ನಡೆಯುತ್ತದೆ. ಆದರೆ ಪಿಂಚಣಿ ಮಾತ್ರ ಆಯಾ ರಾಜ್ಯದ್ದು, ವಾಸದ ದಾಖಲೆ ಎಲ್ಲಿದೆಯೋ ಅಲ್ಲಿ ಕೇಳಬೇಕು.

2. ಪೋಷಕತ್ವ. ಇದು ಬಹಳ ಮಂದಿಗೆ ಗೊತ್ತಿಲ್ಲ. ಮಗನಿಗೆ 18 ತುಂಬಿದ ದಿನದಿಂದ ನೀವು ಕಾನೂನಿನ ಕಣ್ಣಲ್ಲಿ ತಾನಾಗಿಯೇ ಅವನ ಪೋಷಕರಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಕಲೆಕ್ಟರ್ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಿ. ಕೋರ್ಟಿಗೆ ಅಲೆಯಬೇಕಿಲ್ಲ. ನಿಮ್ಮ ನಂತರ ಯಾರು ಎಂಬುದನ್ನು ಆ ವ್ಯಕ್ತಿಯ ಜೊತೆ ಈಗಲೇ ಮಾತಾಡಿ. ಅಣ್ಣ ಅಮೆರಿಕದಲ್ಲಿದ್ದಾನೆ, ನೋಡಿಕೊಳ್ಳುತ್ತಾನೆ ಎಂದು ಸುಮ್ಮನೆ ಅಂದುಕೊಳ್ಳಬೇಡಿ.

3. ನಿರಾಮಯ ವಿಮೆ. ಮೇಲಿನ ನಾಲ್ಕು ವೈಕಲ್ಯಗಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಸೇರುವ ಮೊದಲು ವೈದ್ಯಕೀಯ ಪರೀಕ್ಷೆ ಇಲ್ಲ. ಪ್ರತಿವರ್ಷ ನವೀಕರಿಸಬೇಕು. ಇದಲ್ಲದೆ, ಅಂಗವಿಕಲರಿಗೂ ಪಾಲಿಸಿ ಇರಲೇಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಆರೋಗ್ಯ ವಿಮಾ ಕಂಪನಿಗಳಿಗೆ ಆದೇಶಿಸಿದೆ.

4. ಕುಟುಂಬ ಪಿಂಚಣಿ. ಕೇಂದ್ರ ಸರ್ಕಾರಿ ನೌಕರರ, ದುಡಿದು ಬದುಕಲಾಗದ ಅಂಗವಿಕಲ ಮಕ್ಕಳಿಗೆ ಕುಟುಂಬ ಪಿಂಚಣಿ ಆಜೀವ. 2021ರಿಂದ ಆದಾಯದ ಮಿತಿಯನ್ನೂ ಸಡಿಲಿಸಲಾಗಿದೆ: ಮಗುವಿನ ಬೇರೆ ಆದಾಯ ನೌಕರರ ಕೊನೆಯ ಸಂಬಳದ ಶೇಕಡ 30ಕ್ಕಿಂತ ಕಡಿಮೆ ಇದ್ದರೆ ಸಾಕು. ನಿವೃತ್ತಿಯಾದವರು ಬದುಕಿರುವಾಗಲೇ ಮಗುವಿನ ಹೆಸರನ್ನು ಪಿಂಚಣಿ ದಾಖಲೆಯಲ್ಲಿ ಸೇರಿಸಿ. ತಂದೆತಾಯಿ ಹೋದ ಮೇಲೆ ಆ ಓಡಾಟ ಮಾಡುವವರು ಯಾರು?

5. ತೆರಿಗೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅವಲಂಬಿತರ ವೈಕಲ್ಯ ಶೇಕಡ 40ರ ಮೇಲಿದ್ದರೆ 75 ಸಾವಿರ, 80 ಅಥವಾ ಹೆಚ್ಚಿದ್ದರೆ 1.25 ಲಕ್ಷ ರೂಪಾಯಿ ವಿನಾಯಿತಿ. ಮಗುವಿಗಾಗಿ ಕಟ್ಟಿದ ಪಾಲಿಸಿಯ ಹಣ ಮೊದಲು ತಂದೆತಾಯಿ ತೀರಿಕೊಂಡ ಮೇಲಷ್ಟೇ ಸಿಗಬೇಕಿತ್ತು. 2022ರ ತಿದ್ದುಪಡಿಯಿಂದ ಅವರಿಗೆ 60 ತುಂಬಿದ ಮೇಲೂ ಸಿಗಬಹುದು.

ಇರುವ ಜಾಗ ಹುಡುಕುವಾಗ

ನ್ಯಾಷನಲ್ ಟ್ರಸ್ಟಿನಲ್ಲಿ ವಯಸ್ಕರ ವಾಸಕ್ಕೂ ಅಲ್ಪಕಾಲದ ಆರೈಕೆಗೂ ಸಮರ್ಥ್-ಘರೌಂದಾ ಎಂಬ ಯೋಜನೆ ಇದೆ. ಸೀಟುಗಳು ಬಹಳ ಕಡಿಮೆ. ಯಾವುದೇ ಸಂಸ್ಥೆಗೆ ಹೋದರೂ ಮೊದಲು ನೋಂದಣಿ ಪತ್ರ ಕೇಳಿ. ಅಂಗವಿಕಲರ ಸಂಸ್ಥೆ ಅದಿಲ್ಲದೆ ನಡೆಯುವಂತಿಲ್ಲ ಎಂದು 2016ರ ಕಾಯ್ದೆಯೇ ಹೇಳುತ್ತದೆ. ರಾತ್ರಿ ಎಷ್ಟು ಜನ ಸಹಾಯಕರಿರುತ್ತಾರೆ, ಭಾಷೆ ಯಾವುದು, ನೀವು ಹೇಳದೆ ಹೋಗಿ ನೋಡಬಹುದೇ ಎಂದು ಕೇಳಿ. ಕನ್ನಡ ಮಾತ್ರ ಗೊತ್ತಿರುವ ಹುಡುಗನಿಗೆ ಹೊಟ್ಟೆನೋವು ಎಂದು ಮಲಯಾಳದಲ್ಲಿ ಹೇಳಲು ಬರುವುದಿಲ್ಲ.

ಕಾಸರಗೋಡಿನವರಿಗೆ ಇದು ಹೊಸ ಮಾತಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂಥ ಊರುಗಳಲ್ಲಿ ಮಲಗಿದಲ್ಲೇ ದೊಡ್ಡವರಾದ ಮಕ್ಕಳಿದ್ದಾರೆ, ಅವರ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಮುಳಿಯಾರಿನಲ್ಲಿ 25 ಎಕರೆಯಲ್ಲಿ ಸಹಜೀವನ ಸ್ನೇಹಗ್ರಾಮ ಎಂಬ ಪುನರ್ವಸತಿ ಗ್ರಾಮವನ್ನು ಕೇರಳ ಸರ್ಕಾರ ಹಂತಹಂತವಾಗಿ ಕಟ್ಟಲು ಹೊರಟಿತು. ಹಣ ಒಮ್ಮೆ ಬಂದು ಹೋಗುತ್ತದೆ, ಆರೈಕೆ ದಿನವೂ ಬೇಕು ಎನ್ನುವುದನ್ನು ಆ ತಾಯಂದಿರಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಕೊನೆಗೆ ನನ್ನ ವಿಷಯ, ಹೃದಯ

ಒಂದು ಹಾಳೆಯಲ್ಲಿ ಮಗುವಿನ ಕಾಯಿಲೆ, ಆದ ಆಪರೇಷನ್, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಬರೆದು ಮನೆಯಲ್ಲಿ ಅಂಟಿಸಿ. ಕೃತಕ ಕವಾಟ ಇದ್ದರೆ ಹಲ್ಲಿನ ಚಿಕಿತ್ಸೆಗೆ ಮೊದಲು ದಂತವೈದ್ಯರಿಗೆ ತಪ್ಪದೆ ತಿಳಿಸಿ. ಡೌನ್ ಸಿಂಡ್ರೋಮ್ ಇದ್ದರೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಜೋರು ಗೊರಕೆಯನ್ನು ಕಡೆಗಣಿಸಬೇಡಿ.

ನಿಮ್ಮ ಬಿಪಿ, ಸಕ್ಕರೆಯನ್ನೂ ನೋಡಿಸಿ. ಎದೆಯಲ್ಲಿ ಒತ್ತಡ, ದವಡೆ ಅಥವಾ ಎಡಗೈಗೆ ಹರಡುವ ನೋವು, ಹಠಾತ್ ಉಬ್ಬಸ, ತಣ್ಣನೆ ಬೆವರು ಕಂಡರೆ 108ಕ್ಕೆ ಕರೆ ಮಾಡಿ, ಗ್ಯಾಸ್ ಎಂದು ಕಾಯಬೇಡಿ. ಆ ಹೊತ್ತಿನಲ್ಲಿ ಮಗುವಿನ ಜೊತೆ ಕೂರಲು ಬರುವ ಇಬ್ಬರ ಹೆಸರು ಫೋನಿನಲ್ಲಿರಲಿ. ತಿಂಗಳಿಗೊಂದು ದಿನ ಮಗು ಅವರ ಜೊತೆ ಇದ್ದು ಅಭ್ಯಾಸವಾಗಲಿ. ಇಷ್ಟನ್ನು ಈ ವಾರವೇ ಶುರು ಮಾಡಬಹುದು, ಇದಕ್ಕೆ ಯಾವ ಕಚೇರಿಯ ಸಹಿಯೂ ಬೇಡ.

ಇಂಥ ಮಗು ಇರುವ ಮನೆ ನಿಮಗೆ ಗೊತ್ತಿದ್ದರೆ ಇದನ್ನು ಅವರಿಗೆ ಕಳಿಸಿ. ಆಮೇಲೆ ಒಂದು ಫೋನ್ ಮಾಡಿ, ಆ ಇಬ್ಬರಲ್ಲಿ ಒಬ್ಬರು ನೀವಾಗಬಹುದೇ ಎಂದು ಕೇಳಿ.

– ಹೃದ್ರೋಗ ತಜ್ಞ, ಎಂಡಿ, ಉಳ್ಳೂರು, ತಿರುವನಂತಪುರ