ಪರ್ಮಿಟ್ ನಿಮ್ಮದಲ್ಲ, ಕಂಪನಿಯದ್ದು

ವೆಸ್ಟ್ ಇಂಡೀಸ್ ಅನ್ನೋ ದೇಶ ಎಲ್ಲಿದೆ ಹೇಳಿ ನೋಡೋಣ? ಎಲ್ಲೂ ಇಲ್ಲ. ಅದು ಕ್ರಿಕೆಟ್ ಟೀಮಿನ ಹೆಸರು. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್, ಗಯಾನಾ ಎಲ್ಲವೂ ಬೇರೆ ಬೇರೆ ದೇಶಗಳು. ಮೈದಾನದಲ್ಲಿ ಒಂದೇ ಟೋಪಿ, ಆದ್ರೆ ಕೆಲಸಕ್ಕೆ ಹೋಗೋರಿಗೆ ಒಂದೊಂದು ಕಡೆ ಒಂದೊಂದು ಕಾನೂನು. ಕ್ಯಾರಿಕಾಮ್ ಒಕ್ಕೂಟದ ಪದವೀಧರರು ಪರ್ಮಿಟ್ ಇಲ್ಲದೆ ಒಬ್ಬರ ದೇಶದಲ್ಲಿ ಇನ್ನೊಬ್ಬರು ಕೆಲಸ ಮಾಡಬಹುದು, ನಿಜ. ಅದು ಅವರವರ ಒಳಗಿನ ವ್ಯವಹಾರ, ನಮ್ಮ ಪಾಸ್‌ಪೋರ್ಟ್‌ಗೆ ಅಲ್ಲ. ಹಾಗಾಗಿ 'ಕೆರಿಬಿಯನ್ ವರ್ಕ್ ಪರ್ಮಿಟ್ ಮಾಡಿಸಿಕೊಡ್ತೀವಿ' ಅಂತ ಯಾರಾದರೂ ಹೇಳಿದ್ರೆ ಮೊದಲ ಪ್ರಶ್ನೆ ಕೇಳಿ: ಯಾವ ದೇಶದ್ದು ಸ್ವಾಮಿ?

ಕೇಮನ್ ದ್ವೀಪಗಳನ್ನೇ ತಗೊಳ್ಳಿ. ಬ್ರಿಟನ್‌ನ ಅಧೀನದಲ್ಲಿರೋ ಪುಟ್ಟ ಪ್ರದೇಶ. ಅಲ್ಲಿಗೂ ಬೆಂಗಳೂರಿಗೂ ಒಂದು ನಂಟಿದೆ. ನಮ್ಮ ಡಾ. ದೇವಿ ಶೆಟ್ಟಿಯವರ ನಾರಾಯಣ ಹೆಲ್ತ್ 2014ರಲ್ಲಿ ಅಲ್ಲಿ ಆಸ್ಪತ್ರೆ ತೆರೆಯಿತು, ಹೆಸರು ಹೆಲ್ತ್ ಸಿಟಿ. ಭಾರತದ ವೈದ್ಯರು ಅಲ್ಲಿ ಕೆಲಸ ಮಾಡೋದಕ್ಕೆ ಮೊದಲು ನಮ್ಮ ಪದವಿಗೆ ಅಲ್ಲಿನವರ ಮಾನ್ಯತೆ ಬೇಕಿತ್ತು. ಇದನ್ನ ಗಮನಿಸಿ. ಡಾಕ್ಟರ್, ನರ್ಸ್ ಆದವರಿಗೆ ಪರ್ಮಿಟ್ ಒಂದೇ ಸಾಲದು, ಅಲ್ಲಿನ ವೃತ್ತಿ ಮಂಡಳಿಯಲ್ಲಿ ನೋಂದಣಿಯೂ ಆಗಬೇಕು.

ಇನ್ನು ಪರ್ಮಿಟ್. ಅರ್ಜಿ ಹಾಕೋದು ನೀವಲ್ಲ, ಕಂಪನಿ. ಮೊದಲು ಆ ಕೆಲಸಕ್ಕೆ ಸ್ಥಳೀಯವಾಗಿ ಜಾಹೀರಾತು ಕೊಡಬೇಕು. ಕೇಮನ್‌ನವರು, ಅವರ ಗಂಡ ಅಥವಾ ಹೆಂಡತಿ, ಅಲ್ಲಿ ಕಾಯಂ ವಾಸದ ಹಕ್ಕು ಪಡೆದವರು, ಇವರಲ್ಲಿ ಅರ್ಹರು ಯಾರೂ ಸಿಗಲಿಲ್ಲ ಅಂತ ತೋರಿಸಬೇಕು. ಆಮೇಲೆ ನಿಮ್ಮ ಸರದಿ. ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ಅಂಕಪಟ್ಟಿ, ಅನುಭವದ ಪತ್ರ ಎಲ್ಲ ಹೋಗುತ್ತೆ. ಪರ್ಮಿಟ್ ಬಂದ್ರೂ ಅದು ಆ ಕಂಪನಿಗೆ, ಆ ಹುದ್ದೆಗೆ ಮಾತ್ರ. ಪಕ್ಕದ ಬೀದಿಯಲ್ಲಿ ಡಬಲ್ ಸಂಬಳ ಸಿಗುತ್ತೆ ಅಂತ ಹಾರೋಕಾಗಲ್ಲ. ಕೆಲಸ ಹೋಯ್ತೋ, ಅಲ್ಲಿರೋ ಹಕ್ಕೂ ಅಲ್ಲಾಡುತ್ತೆ.

ಅಲ್ಲಿ ಆದಾಯ ತೆರಿಗೆ ಇಲ್ಲ. ಕೇಳೋಕೆ ಸಿಹಿ! ಹಾಗಾದ್ರೆ ಸರ್ಕಾರ ನಡೆಯೋದು ಹೇಗೆ? ಆಮದು ಸುಂಕದಿಂದ, ಈ ಪರ್ಮಿಟ್ ಫೀಸಿನಂಥವುಗಳಿಂದ. ಹುದ್ದೆ ದೊಡ್ಡದಾದಷ್ಟೂ ಕಂಪನಿ ಕಟ್ಟೋ ಫೀಸು ಜಾಸ್ತಿ. ಅಷ್ಟು ಕಟ್ಟಿ ಕರೆಸಿಕೊಳ್ತಾರೆ ಅಂದ್ರೆ ನಿಮ್ಮ ಪರಿಣತಿ ಅವರಿಗೆ ಬೇಕು ಅಂತ ಅರ್ಥ. ಆದ್ರೂ ಶಾಶ್ವತ ಅಲ್ಲ. ಏಳು ವರ್ಷ ಇದ್ದ ಮಿತಿಯನ್ನು 2013ರಲ್ಲಿ ಒಂಬತ್ತಕ್ಕೆ ಏರಿಸಿದ್ರು. ಅಷ್ಟರೊಳಗೆ ಕಾಯಂ ವಾಸಕ್ಕೆ ಅರ್ಜಿ ಹಾಕಿ ಗೆಲ್ಲದವರು ಗಂಟುಮೂಟೆ ಕಟ್ಟಬೇಕು. ಕಠಿಣ ಅನ್ಸುತ್ತೆ, ಅಲ್ವಾ? ಆದ್ರೆ ಜನಸಂಖ್ಯೆಯ ಅರ್ಧದಷ್ಟು ಹೊರಗಿನವರೇ ಇರೋ ಊರಲ್ಲಿ ಸ್ಥಳೀಯರ ಆತಂಕ ಕನ್ನಡಿಗರಿಗೆ ಅರ್ಥವಾಗದೇ ಇರೋ ವಿಷಯವೇನಲ್ಲ.

ಟ್ರಿನಿಡಾಡ್ ಕಥೆ ಬೇರೆ. ಅದು ತೈಲ, ಅನಿಲದ ನಾಡು. ಹನ್ನೆರಡು ತಿಂಗಳಲ್ಲಿ ಒಂದು ಸಲ, 30 ದಿನದವರೆಗೆ ಪರ್ಮಿಟ್ ಇಲ್ಲದೆ ಕೆಲಸ ಮಾಡೋಕೆ ಅಲ್ಲಿ ಅವಕಾಶವಿದೆ. ಯಂತ್ರ ರಿಪೇರಿಗೆ ಬರೋ ಎಂಜಿನಿಯರ್‌ಗೆ ಸಾಕು. 31ನೇ ದಿನಕ್ಕೆ ಪರ್ಮಿಟ್ ಬೇಕೇ ಬೇಕು.

ಮೋಸ ನಡೆಯೋದು ಎಲ್ಲಿ ಗೊತ್ತಾ? ಬಾರ್ಬಡೋಸ್, ಜಮೈಕಾಗೆ ಪ್ರವಾಸಿಗರಾಗಿ ಹೋಗೋಕೆ ನಮಗೆ ಮುಂಚಿತ ವೀಸಾ ಬೇಡ. 'ಹೋಗಿ ಇಳೀರಿ, ಪರ್ಮಿಟ್ ಅಲ್ಲೇ ಮಾಡಿಸ್ತೀವಿ' ಅಂತ ಏಜೆಂಟ್ ಲಕ್ಷಗಟ್ಟಲೆ ಇಸ್ಕೊಳ್ತಾನೆ. ಅಪ್ಪ ಜಮೀನು ಅಡ ಇಡ್ತಾನೆ. ಪ್ರವಾಸಿ ಮುದ್ರೆ ಮೇಲೆ ಕೆಲಸ ಮಾಡೋದು ಅಪರಾಧ. ಸಿಕ್ಕಿಬಿದ್ರೆ ವಾಪಸ್ ವಿಮಾನ, ಸಾಲ ಮಾತ್ರ ಊರಲ್ಲೇ. ಗಲ್ಫ್‌ಗೆ ಹೋಗೋ ಕೆಲವರಿಗೆ ಇರೋ ಎಮಿಗ್ರೇಶನ್ ಕ್ಲಿಯರೆನ್ಸ್ ಅನ್ನೋ ತಪಾಸಣೆ ಕೆರಿಬಿಯನ್‌ಗೆ ಇಲ್ಲ. ಅಂದ್ರೆ ಏರ್‌ಪೋರ್ಟ್‌ನಲ್ಲಿ ಆ ಕ್ಲಿಯರೆನ್ಸ್ ಎಲ್ಲಿ ಅಂತ ನಿಮ್ಮನ್ನ ಕೇಳೋರೂ ಇಲ್ಲ.

ಏಜೆಂಟ್ ನೋಂದಾಯಿತನಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಅವನು ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಪರ್ಮಿಟ್ ಪ್ರತಿ ಕೈಗೆ ಬರದೆ ಟಿಕೆಟ್ ಮಾಡಿಸಬೇಡಿ. ಅಂದಹಾಗೆ, ಜಾರ್ಜ್ ಟೌನ್ ಅನ್ನೋ ರಾಜಧಾನಿ ಕೇಮನ್‌ನಲ್ಲೂ ಇದೆ, ಗಯಾನಾದಲ್ಲೂ ಇದೆ. ಆಫರ್ ಲೆಟರ್‌ನಲ್ಲಿ ಊರಿನ ಹೆಸರಿನ ಕೆಳಗೆ ಯಾವ ದೇಶ ಬರೆದಿದೆ ಅಂತಲೂ ಓದಿ.