ಊರು ಬಿಟ್ಟವರ ಚರಿತ್ರೆ: ಅಮೆರಿಕವನ್ನು ಅರಿಯಲು ಓದಬೇಕಾದ ಪುಸ್ತಕಗಳು

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಅನೇಕ ಕನ್ನಡ ಕುಟುಂಬಗಳಿಗೆ ಅಮೆರಿಕ ಇಂದು ದೂರದ ದೇಶವಾಗಿ ಉಳಿದಿಲ್ಲ. ಅಜ್ಜ ಕರಾವಳಿಯಿಂದಲೋ ಘಟ್ಟದ ಮೇಲಿನಿಂದಲೋ ಮುಂಬಯಿಗೆ ಬಂದವರು. ಮೊಮ್ಮಗ ಮುಂಬಯಿಯಿಂದ ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋದವನು. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿದ್ದು ಬಂದ ಹಿರಿಯರು ಸಂಘದ ಕಾರ್ಯಕ್ರಮಗಳಲ್ಲಿ ಸಿಗುತ್ತಾರೆ. ಅಲ್ಲಿನ ಹಿಮ, ಅಗಲ ರಸ್ತೆ, ದೊಡ್ಡ ಅಂಗಡಿಗಳ ಬಗ್ಗೆ ಅವರು ಗಂಟೆಗಟ್ಟಲೆ ಮಾತನಾಡಬಲ್ಲರು. ಆದರೆ ಆ ದೇಶ ಯಾರ ಬೆವರಿನಿಂದ ಬೆಳೆಯಿತು, ಯಾರ ನೆಲದ ಮೇಲೆ ನಿಂತಿತು ಎಂಬ ಪ್ರಶ್ನೆ ಬಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ.

ಮಕ್ಕಳು ಬಾಳುತ್ತಿರುವ ನಾಡಿನ ಕತೆಯನ್ನು ತಿಳಿಯದೆ ಅವರ ಬದುಕನ್ನು ಪೂರ್ತಿ ತಿಳಿಯಲಾಗದು. ಹೊರನಾಡ ಕನ್ನಡಿಗರಿಗೆ ಈ ಕತೆ ಬೇಗನೆ ಮನಸ್ಸಿಗೆ ಹತ್ತಿರವಾಗುತ್ತದೆ. ಏಕೆಂದರೆ ಅಮೆರಿಕದ ಚರಿತ್ರೆ ಬಹುಮಟ್ಟಿಗೆ ಊರು ಬಿಟ್ಟವರ ಚರಿತ್ರೆ. ಕೆಲವರು ಹೊಟ್ಟೆಪಾಡಿಗಾಗಿ ತಾವಾಗಿ ಊರು ಬಿಟ್ಟರು; ಕೆಲವರನ್ನು ಸಂಕೋಲೆ ತೊಡಿಸಿ ಹಡಗಿನಲ್ಲಿ ತಂದರು; ಇನ್ನು ಕೆಲವರನ್ನು ಅವರದೇ ನೆಲದಿಂದ ಹೊರಗಟ್ಟಿದರು. ಈ ಮೂರೂ ಬಗೆಯವರನ್ನು ಪರಿಚಯಿಸುವ ಕೆಲವು ಉತ್ತಮ ಪುಸ್ತಕಗಳ ವಿವರ ಇಲ್ಲಿದೆ. ಇವೆಲ್ಲ ಇಂಗ್ಲಿಷಿನ ಕೃತಿಗಳಾದ್ದರಿಂದ, ಕನ್ನಡ ಮಾತನಾಡಬಲ್ಲ ಆದರೆ ಓದಲು ಬಾರದ ಮನೆಯ ಕಿರಿಯರೂ ಹಿರಿಯರ ಜೊತೆ ಕೂತು ಓದಬಹುದು.

ಅರುವತ್ತು ಲಕ್ಷ ಜನರ ವಲಸೆ

ಒಂದೇ ಒಂದು ಪುಸ್ತಕ ಓದುವಷ್ಟು ಸಮಯವಿದ್ದರೆ ಇಸಬೆಲ್ ವಿಲ್ಕರ್ಸನ್ ಅವರ 'ದ ವಾರ್ಮ್ತ್ ಆಫ್ ಅದರ್ ಸನ್ಸ್' (2010) ಓದಬೇಕು. 1915ರಿಂದ 1970ರ ನಡುವೆ ಸುಮಾರು ಅರುವತ್ತು ಲಕ್ಷ ಕಪ್ಪು ಜನರು ಅಮೆರಿಕದ ದಕ್ಷಿಣದ ರಾಜ್ಯಗಳನ್ನು ತೊರೆದು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಹೋದ ಕತೆ ಇದು. ಗುಲಾಮಗಿರಿ 1865ರಲ್ಲೇ ಕಾನೂನಿನಂತೆ ಕೊನೆಗೊಂಡಿದ್ದರೂ ದಕ್ಷಿಣದಲ್ಲಿ ಶಾಲೆ, ರೈಲು, ಆಸ್ಪತ್ರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ ಬೇರೆಯಾಗಿದ್ದವು. ಸುಳ್ಳು ಆರೋಪಕ್ಕೂ ಜೀವ ಹೋಗುತ್ತಿತ್ತು.

ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕಂಡು ಮಾತನಾಡಿಸಿದ ಲೇಖಕಿ, ಕೊನೆಗೆ ಮೂವರ ಬದುಕನ್ನು ಹಿಡಿದು ಇಡೀ ವಲಸೆಯನ್ನು ಬಿಡಿಸಿಟ್ಟಿದ್ದಾರೆ. ಮಿಸಿಸಿಪ್ಪಿಯ ಹತ್ತಿಹೊಲದಿಂದ 1937ರಲ್ಲಿ ಹೊರಟು ಚಿಕಾಗೋ ಸೇರಿದ ಗೃಹಿಣಿ ಐಡಾ ಮೇ. ಫ್ಲಾರಿಡಾದ ಕಿತ್ತಳೆ ತೋಟದಲ್ಲಿ ಹೆಚ್ಚು ಕೂಲಿ ಕೇಳಿದ ತಪ್ಪಿಗೆ ಪ್ರಾಣಭಯದಿಂದ 1945ರಲ್ಲಿ ನ್ಯೂಯಾರ್ಕಿಗೆ ಓಡಿಬಂದ ಜಾರ್ಜ್ ಸ್ಟಾರ್ಲಿಂಗ್. ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಲು ಅವಕಾಶವಿಲ್ಲದೆ 1953ರಲ್ಲಿ ಒಬ್ಬನೇ ಕಾರು ಓಡಿಸಿಕೊಂಡು ಲಾಸ್ ಏಂಜಲೀಸಿಗೆ ಹೊರಟ ವೈದ್ಯ ರಾಬರ್ಟ್ ಫಾಸ್ಟರ್. ದಾರಿಯ ವಸತಿಗೃಹಗಳು ಒಂದಾದ ಮೇಲೊಂದು ಕೋಣೆ ಇಲ್ಲವೆಂದಾಗ ಆ ವೈದ್ಯ ನಿದ್ದೆಗೆಟ್ಟು ಮರುಭೂಮಿ ದಾಟಿದ ಭಾಗವನ್ನು ಓದಿದವರು ಮರೆಯಲಾರರು.

ಸಂಘ ಕಟ್ಟಿದವರಿಗೆ ಈ ಪುಸ್ತಕ ಇನ್ನೊಂದು ಕಾರಣಕ್ಕೂ ಆಪ್ತವಾಗುತ್ತದೆ. ಹೀಗೆ ಬಂದವರು ಹೊಸ ನಗರಗಳಲ್ಲಿ ತಮ್ಮ ತಮ್ಮ ಹುಟ್ಟೂರಿನ ಹೆಸರಿನಲ್ಲೇ ಸಂಘಗಳನ್ನು ಕಟ್ಟಿಕೊಂಡರು, ಊರಿನ ಅಡುಗೆ ಮಾಡಿ ಹಂಚಿಕೊಂಡರು, ಹೊಸದಾಗಿ ಬಂದ ಊರವನಿಗೆ ಮಲಗಲು ಜಾಗ, ಮಾಡಲು ಕೆಲಸ ಹುಡುಕಿಕೊಟ್ಟರು. ಓದುತ್ತಿರುವುದು ಚಿಕಾಗೋದ ಕತೆಯೋ ಫೋರ್ಟ್, ಮಾಟುಂಗಾದ ಕತೆಯೋ ಎಂಬಂತೆ ಭಾಸವಾಗುತ್ತದೆ. ಆದರೆ ವ್ಯತ್ಯಾಸವನ್ನೂ ನೆನಪಿಡಬೇಕು. ಮುಂಬಯಿಗೆ ಬಂದ ಹೆಚ್ಚಿನವರು ರಜೆಯಲ್ಲಿ ಊರಿಗೆ ಮರಳುವ ಸಂತೋಷವನ್ನು ಇಟ್ಟುಕೊಂಡು ಬಂದರು. ಜಾರ್ಜ್ ಸ್ಟಾರ್ಲಿಂಗ್‌ನಂತಹವರಿಗೆ ಊರಿಗೆ ಮರಳುವುದೆಂದರೆ ಜೀವವನ್ನು ಪಣಕ್ಕಿಡುವುದಾಗಿತ್ತು.

ಇತಿಹಾಸ: ಕೆಳಗಿನಿಂದ ನೋಡಿದಾಗ

ಇಡೀ ದೇಶದ ಇತಿಹಾಸವನ್ನು ಒಂದೇ ಸಂಪುಟದಲ್ಲಿ ಓದಬಯಸುವವರಿಗೆ ಎರಡು ಪುಸ್ತಕಗಳಿವೆ. ಹೋವರ್ಡ್ ಜಿನ್ ಅವರ 'ಎ ಪೀಪಲ್ಸ್ ಹಿಸ್ಟರಿ ಆಫ್ ದ ಯುನೈಟೆಡ್ ಸ್ಟೇಟ್ಸ್' (1980) ಅಧ್ಯಕ್ಷರ, ಸೇನಾಪತಿಗಳ ಕತೆಯನ್ನು ಬದಿಗಿಟ್ಟು ಮೂಲನಿವಾಸಿಗಳು, ಗುಲಾಮರು, ಗಿರಣಿ ಕೆಲಸಗಾರರು, ಹೆಂಗಸರು ಕಂಡ ಅಮೆರಿಕವನ್ನು ಹೇಳುತ್ತದೆ. ಕೊಲಂಬಸ್ ದಡಕ್ಕೆ ಬಂದ ಘಟನೆಯನ್ನೇ ಅದು ದಡದಲ್ಲಿ ನಿಂತಿದ್ದ ಜನರ ಕಡೆಯಿಂದ ನೋಡುತ್ತದೆ. ಇದು ಒಂದೇ ಮಗ್ಗುಲನ್ನು ತೋರಿಸುತ್ತದೆಂದು ಆಕ್ಷೇಪಿಸಿದ ಇತಿಹಾಸಕಾರರೂ ಇದ್ದಾರೆ. ಆದ್ದರಿಂದ ಅದರ ಜೊತೆಗೆ ಜಿಲ್ ಲೆಪೋರ್ ಅವರ 'ದೀಸ್ ಟ್ರೂತ್ಸ್' (2018) ಓದುವುದು ಒಳ್ಳೆಯದು. ಎಲ್ಲ ಮನುಷ್ಯರೂ ಸಮಾನರೆಂದು 1776ರಲ್ಲಿ ಘೋಷಿಸಿದ ದೇಶ ಆ ಮಾತನ್ನು ಎಷ್ಟರ ಮಟ್ಟಿಗೆ ಉಳಿಸಿಕೊಂಡಿತು ಎಂಬುದೇ ಅದರ ಉದ್ದಕ್ಕೂ ಇರುವ ಪ್ರಶ್ನೆ.

ನೆಲ ಕಳೆದುಕೊಂಡವರ ಕತೆಗೆ ಡೀ ಬ್ರೌನ್ ಅವರ 'ಬರಿ ಮೈ ಹಾರ್ಟ್ ಅಟ್ ವೂಂಡೆಡ್ ನೀ' (1970) ಇದೆ. 1860ರಿಂದ 1890ರವರೆಗಿನ ಮೂವತ್ತು ವರ್ಷಗಳಲ್ಲಿ ಪಶ್ಚಿಮದ ಮೂಲನಿವಾಸಿ ಬುಡಕಟ್ಟುಗಳು ಒಪ್ಪಂದಗಳ ಮೇಲೆ ಒಪ್ಪಂದಗಳನ್ನು ನಂಬಿ ಹೇಗೆ ನೆಲವನ್ನೂ ಜೀವವನ್ನೂ ಕಳೆದುಕೊಂಡರು ಎಂಬುದನ್ನು ಇದು ಅವರ ನಾಯಕರ ಮಾತುಗಳ ಮೂಲಕವೇ ಹೇಳುತ್ತದೆ. ಡೀ ಬ್ರೌನ್ ವೃತ್ತಿಯಿಂದ ಗ್ರಂಥಪಾಲಕರಾಗಿದ್ದರು ಎಂಬುದು ಸಂಘದ ವಾಚನಾಲಯ ನೋಡಿಕೊಳ್ಳುವವರಿಗೆ ಸಂತೋಷ ಕೊಡುವ ಸಂಗತಿ.

ಇನ್ನು ನಮ್ಮವರ ಕತೆ. ಎರಿಕಾ ಲೀ ಅವರ 'ದ ಮೇಕಿಂಗ್ ಆಫ್ ಏಷ್ಯನ್ ಅಮೆರಿಕ' (2015) ಚೀನಾ, ಜಪಾನ್, ಫಿಲಿಪ್ಪೀನ್ಸ್, ಭಾರತಗಳಿಂದ ಹೋದವರ ಇತಿಹಾಸ. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿ ತನಗೆ ಪೌರತ್ವ ಬೇಕೆಂದು ವಾದಿಸಿದಾಗ, ಭಾರತೀಯರು ಬಿಳಿಯರಲ್ಲದ ಕಾರಣ ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1946ರಲ್ಲಿ ಪೌರತ್ವದ ಹಕ್ಕು ದೊರೆತರೂ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ ನೂರು ಮಂದಿಯ ಮಿತಿ ಮಾತ್ರ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದ ಬಳಿಕವೇ ಭಾರತದ ವೈದ್ಯರಿಗೆ, ಇಂಜಿನಿಯರರಿಗೆ ಬಾಗಿಲು ತೆರೆಯಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಅದೇ ಆಗಸ್ಟಿನಲ್ಲಿ, ಕಪ್ಪು ಜನರ ಮತದಾನದ ಹಕ್ಕನ್ನು ರಕ್ಷಿಸುವ ಕಾಯಿದೆಯೂ ಬಂದಿತ್ತು. ಜನಾಂಗದ ಹೆಸರಿನಲ್ಲಿ ಭೇದ ಮಾಡುವುದು ತಪ್ಪೆಂಬ ಮಾತಿಗೆ ಬೀದಿಯಲ್ಲಿ ಪೆಟ್ಟು ತಿಂದು ಬೆಲೆ ತಂದುಕೊಟ್ಟವರು ಅವರು. ನಮ್ಮ ಮಕ್ಕಳು ನಡೆದುಹೋದ ಬಾಗಿಲನ್ನು ತೆರೆದವರಲ್ಲಿ ಅವರೂ ಇದ್ದಾರೆ ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು.

ಬಾಳಿ ತೋರಿಸಿದವರು

ಜೀವನಚರಿತ್ರೆಗಳಲ್ಲಿ ಮೊದಲು ಹೇಳಬೇಕಾದುದು ಫ್ರೆಡರಿಕ್ ಡಗ್ಲಾಸ್ ಅವರ ಆತ್ಮಕಥೆ (1845). ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಹುಡುಗನಿಗೆ ಒಡತಿ ಅಕ್ಷರ ಕಲಿಸಲು ತೊಡಗಿದಾಗ, ಓದು ಬಂದರೆ ಗುಲಾಮ ಕೈಗೆ ಸಿಗಲಾರನೆಂದು ಒಡೆಯ ತಡೆದ. ಹುಡುಗ ಆ ಮಾತನ್ನೇ ದಾರಿ ಮಾಡಿಕೊಂಡ. ಬಾಲ್ಟಿಮೋರಿನ ಬೀದಿಯ ಬಡ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಪ್ರತಿಯಾಗಿ ಪಾಠ ಹೇಳಿಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡು ಸ್ವತಂತ್ರನಾದ. ನೂರೈವತ್ತು ಪುಟವೂ ಇಲ್ಲದ ಈ ಪುಸ್ತಕ ಒಂದು ಭಾನುವಾರದ ಓದು.

ಬುಕರ್ ಟಿ. ವಾಷಿಂಗ್ಟನ್ ಅವರ 'ಅಪ್ ಫ್ರಮ್ ಸ್ಲೇವರಿ' (1901) ಮುಂಬಯಿಯ ಹಿರಿಯರಿಗೆ ತಮ್ಮದೇ ಕತೆಯಂತೆ ಕಂಡರೆ ಆಶ್ಚರ್ಯವಿಲ್ಲ. ಉಪ್ಪು ಕಾಯಿಸುವ ಕುಲುಮೆಯಲ್ಲಿ ಹಗಲು ದುಡಿದು, ರಾತ್ರಿ ಪಾಠ ಕಲಿತ ಹುಡುಗ ಆತ. 1872ರಲ್ಲಿ ಸುಮಾರು ಐನೂರು ಮೈಲಿ ದೂರದ ಹ್ಯಾಂಪ್ಟನ್ ಶಾಲೆಗೆ ಒಂದಷ್ಟು ದೂರ ಗಾಡಿಯಲ್ಲಿ, ಒಂದಷ್ಟು ದೂರ ನಡೆದು ತಲುಪಿದ. ಕೊಳೆಯಾದ ಬಟ್ಟೆಯಲ್ಲಿ ನಿಂತ ಅವನಿಗೆ ಶಿಕ್ಷಕಿ ಒಂದು ಕೋಣೆ ಗುಡಿಸಲು ಹೇಳಿದರು. ಮೂರು ಸಲ ಗುಡಿಸಿ, ನಾಲ್ಕು ಸಲ ಒರೆಸಿದ. ಅದೇ ಅವನ ಪ್ರವೇಶ ಪರೀಕ್ಷೆ! ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಮೆಟ್ರಿಕ್ ಮುಗಿಸಿದ ತಲೆಮಾರಿಗೆ ಈ ಪುಟಗಳ ಅರ್ಥವನ್ನು ಬೇರೆಯವರು ವಿವರಿಸಬೇಕಾಗಿಲ್ಲ.

ಆದರೆ ದುಡಿಮೆ, ತಾಳ್ಮೆ ಮಾತ್ರ ಸಾಲದು, ಹಕ್ಕು ಕೇಳಬೇಕು ಎಂದು ವಾಷಿಂಗ್ಟನ್ನರನ್ನು ವಿರೋಧಿಸಿದವರು ಡಬ್ಲ್ಯು. ಇ. ಬಿ. ಡುಬಾಯ್ಸ್. ಅವರ 'ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' (1903) ಈ ವಾದದ ಇನ್ನೊಂದು ಮುಖ. 1946ರಲ್ಲಿ ಡಾ. ಅಂಬೇಡ್ಕರ್ ಇದೇ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಸಾಮ್ಯವನ್ನು ಪ್ರಸ್ತಾಪಿಸಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಅವರ 'ಸ್ಟ್ರೈಡ್ ಟುವರ್ಡ್ ಫ್ರೀಡಮ್' (1958) ಮಾಂಟ್ಗೊಮರಿ ನಗರದ ಕಪ್ಪು ಜನರು ಒಂದು ವರ್ಷಕ್ಕೂ ಮೀರಿ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋಗಿ ಗೆದ್ದ ಹೋರಾಟದ ಕಥನ. ಮರುವರ್ಷ, 1959ರಲ್ಲಿ, ಭಾರತಕ್ಕೆ ಬಂದ ಕಿಂಗ್ ಮುಂಬಯಿಯ ಗಾಮ್‌ದೇವಿಯಲ್ಲಿರುವ ಮಣಿಭವನದಲ್ಲಿ ತಂಗಿದ್ದರು. ಆ ಮನೆಯ ಮುಂದೆ ದಿನನಿತ್ಯ ಓಡಾಡುವವರು ಒಮ್ಮೆ ಒಳಹೊಕ್ಕು ನೋಡಬಹುದು.

ಸಂಘ ಸಂಸ್ಥೆಗಳ ಪದಾಧಿಕಾರಿಗಳು ಅಗತ್ಯವಾಗಿ ಓದಬೇಕಾದ ಪುಸ್ತಕವೊಂದಿದೆ: ಡೋರಿಸ್ ಕರ್ನ್ಸ್ ಗುಡ್ವಿನ್ ಅವರ 'ಟೀಮ್ ಆಫ್ ರೈವಲ್ಸ್' (2005). 1860ರಲ್ಲಿ ಪಕ್ಷದ ಉಮೇದ್ವಾರಿಕೆಗೆ ತನ್ನೆದುರು ಸ್ಪರ್ಧಿಸಿದ್ದ ಸೀವರ್ಡ್, ಚೇಸ್, ಬೇಟ್ಸ್ ಮೂವರನ್ನೂ ಅಬ್ರಹಾಂ ಲಿಂಕನ್ ತನ್ನ ಮಂತ್ರಿಮಂಡಲಕ್ಕೇ ಕರೆದುಕೊಂಡರು. ವಕೀಲಿಕೆಯ ದಿನಗಳಲ್ಲಿ ತನ್ನನ್ನು ಕಡೆಗಣಿಸಿ ಅವಮಾನಿಸಿದ್ದ ಸ್ಟ್ಯಾಂಟನ್‌ಗೆ ಯುದ್ಧ ಖಾತೆಯನ್ನೇ ಒಪ್ಪಿಸಿದರು. ಚುನಾವಣೆ ಮುಗಿದ ಮರುದಿನವೇ ಸೋತವರು ಬೇರೆ ಸಂಘ ಸ್ಥಾಪಿಸುವುದನ್ನು ಕಂಡವರಿಗೆ ಲಿಂಕನ್ನರ ಈ ದೊಡ್ಡತನ ಎಷ್ಟು ಕಷ್ಟದ್ದೆಂದು ಬೇರೆ ಹೇಳಬೇಕಾಗಿಲ್ಲ.

ಇಂದಿನ ಕಾದಂಬರಿಗಳು

ಕಾದಂಬರಿಗಳಲ್ಲಿ ಜುಂಪಾ ಲಾಹಿರಿ ಅವರ 'ದ ನೇಮ್‌ಸೇಕ್' (2003) ಮೊದಲು ಕೈಗೆತ್ತಿಕೊಳ್ಳಬಹುದಾದ ಕೃತಿ. ತುಂಬು ಗರ್ಭಿಣಿ ಆಶಿಮಾ ಅಮೆರಿಕದ ಪುಟ್ಟ ಅಡುಗೆಮನೆಯಲ್ಲಿ ನಿಂತು, ಡಬ್ಬಿಯಲ್ಲಿ ಸಿಗುವ ಅಲ್ಲಿನ ಅಕ್ಕಿಯ ತಿನಿಸಿಗೆ ಕಡಲೆಕಾಯಿ, ಈರುಳ್ಳಿ ಬೆರೆಸಿ ಕಲಕತ್ತೆಯ ಬೀದಿಯ ಚುರುಮುರಿಯ ರುಚಿ ಹುಡುಕುವುದರಿಂದ ಕತೆ ತೊಡಗುತ್ತದೆ. ಅಜ್ಜಿ ಕಳಿಸಿದ ಹೆಸರಿನ ಪತ್ರ ತಲುಪದೆ, ಮಗನಿಗೆ ರಷ್ಯನ್ ಲೇಖಕ ಗೊಗೋಲ್‌ನ ಹೆಸರು ಬೀಳುತ್ತದೆ. ಆ ಹೆಸರನ್ನು ಕಳಚಿಕೊಳ್ಳಲು ಹೆಣಗುವ ಮಗ, ಅದರ ಹಿಂದಿನ ಕತೆಯನ್ನು ಬಹುಕಾಲ ಹೇಳದೆ ಉಳಿದ ತಂದೆ: ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ಯಾವ ಮನೆಗೂ ಈ ಮೌನ ಹೊಸತಲ್ಲ.

ಟೋನಿ ಮಾರಿಸನ್ ಅವರ 'ಬಿಲವೆಡ್' (1987) ಸುಲಭದ ಓದಲ್ಲ. 1856ರಲ್ಲಿ ಗುಲಾಮಗಿರಿಯಿಂದ ಓಡಿಬಂದ ಮಾರ್ಗರೆಟ್ ಗಾರ್ನರ್ ಎಂಬ ತಾಯಿ, ತನ್ನನ್ನು ಹಿಡಿಯಲು ಬಂದವರ ಕೈಗೆ ಮಗಳು ಸಿಗಬಾರದೆಂದು ತಾನೇ ಮಗುವನ್ನು ಕೊಂದಳು. ಆ ನಿಜ ಘಟನೆಯೇ ಈ ಕಾದಂಬರಿಯ ಬೀಜ. ಮಾರಿಸನ್ 1993ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಅವಸರದಿಂದ ಓದದೆ, ಅಗತ್ಯವಿದ್ದಲ್ಲಿ ಹಿಂದಿನ ಪುಟಗಳಿಗೆ ಮರಳಿ ಓದಬೇಕಾದ ಕೃತಿ ಇದು.

ತೀರಾ ಹೊಸದು ಬೇಕೆಂದರೆ ಪರ್ಸಿವಲ್ ಎವರೆಟ್ ಅವರ 'ಜೇಮ್ಸ್' (2024). ಮಾರ್ಕ್ ಟ್ವೇನನ ಹಕಲ್‌ಬೆರಿ ಫಿನ್ ಕತೆಯಲ್ಲಿ ಹುಡುಗನ ಜೊತೆ ತೆಪ್ಪದಲ್ಲಿ ಸಾಗುವ ಗುಲಾಮ ಜಿಮ್ ಇಲ್ಲಿ ತಾನೇ ಕತೆ ಹೇಳುತ್ತಾನೆ. ತನ್ನವರ ನಡುವೆ ತಿದ್ದಿದ ಇಂಗ್ಲಿಷ್ ಮಾತನಾಡುವ ಆತ, ಬಿಳಿಯರು ಎದುರಾದೊಡನೆ ಬೇಕೆಂದೇ ಮುರುಕು ಮಾತಿಗೆ ಇಳಿಯುತ್ತಾನೆ. ಮಕ್ಕಳಿಗೂ ಹಾಗೆ ಮಾತನಾಡುವುದನ್ನು ಕಲಿಸುತ್ತಾನೆ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರಿಗೆ ಮಾತು ಬದಲಿಸುವುದು ಅಭ್ಯಾಸದ ಸಂಗತಿ. ಜೇಮ್ಸ್‌ಗೆ ಅದು ಜೀವ ಉಳಿಸಿಕೊಳ್ಳುವ ಉಪಾಯ. 2025ರಲ್ಲಿ ಈ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಸಂದಿದೆ.

ಸಂಘಗಳು ಏನು ಮಾಡಬಹುದು?

ಹೊರನಾಡಿನ ಅನೇಕ ಕನ್ನಡ ಸಂಘಗಳಲ್ಲಿ ಗಾಜಿನ ಕಪಾಟುಗಳಿವೆ, ಒಳಗೆ ಹಿರಿಯರು ಚಂದಾ ಎತ್ತಿ ಕೂಡಿಟ್ಟ ಪುಸ್ತಕಗಳಿವೆ. ಓದುವವರು ಕಡಿಮೆಯಾಗುತ್ತಿದ್ದಾರೆಂಬ ಕೊರಗೂ ಇದೆ. ಮೇಲಿನ ಪುಸ್ತಕಗಳಲ್ಲಿ ನಾಲ್ಕೈದನ್ನಾದರೂ ತರಿಸಿ, ತಿಂಗಳಿಗೊಂದು ಸಂಜೆ ಒಂದು ಪುಸ್ತಕವನ್ನು ಪರಿಚಯಿಸುವ ಕಾರ್ಯಕ್ರಮ ಇಟ್ಟುಕೊಂಡರೆ ಖರ್ಚು ಹೆಚ್ಚಲ್ಲ. ಇಂಗ್ಲಿಷಿನಲ್ಲಿ ಓದಿದ ಕಿರಿಯರು ಕನ್ನಡದಲ್ಲಿ ಕತೆ ಹೇಳಲಿ; ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ತಮ್ಮ ಅನುಭವ ಸೇರಿಸಲಿ. ಮುಂಬಯಿ ಬದುಕನ್ನು ಬರೆದ ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿಯವರ ಕೃತಿಗಳನ್ನು ಪಕ್ಕದಲ್ಲಿಟ್ಟು ಮಾತನಾಡಿದರಂತೂ ಚರ್ಚೆಗೆ ಕಳೆ ಬರುತ್ತದೆ.

ಅಮೆರಿಕದಲ್ಲಿರುವ ಮಗನಿಗೋ ಮಗಳಿಗೋ ಅದೇ ತಿಂಗಳು ಅದೇ ಪುಸ್ತಕ ಓದಲು ಹೇಳಬಹುದು. ಭಾನುವಾರದ ಫೋನಿನಲ್ಲಿ ಊಟ ಆಯಿತೇ, ಚಳಿ ಹೇಗಿದೆ ಎಂದು ಕೇಳಿದ ಬಳಿಕವೂ ಮಾತನಾಡಲು ಒಂದಿಷ್ಟು ಉಳಿದಿರುತ್ತದೆ.