ಏರಿದ ನೀರು, ಇಳಿದ ರಾಜಧಾನಿ

ಮ್ಯಾಡ್ರಿಡ್‌ನಲ್ಲಿ ರೈಲು ಹತ್ತಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಟೊಲೆಡೊ ಬಂದುಬಿಡುತ್ತದೆ. ಅರ್ಧ ಗಂಟೆಯ ಹಾದಿ. ಪ್ರಯಾಣ ಶುರುವಾಗುವುದು ನಿಲ್ದಾಣದಿಂದ ಹೊರಬಿದ್ದ ಮೇಲೆ. ಕಡಿದಾದ ಬಂಡೆಗುಡ್ಡ, ಅದರ ನೆತ್ತಿಯ ಮೇಲೆ ಊರು, ಕೆಳಗೆ ಮೂರು ಕಡೆಯಿಂದ ಬಳಸಿ ಹರಿಯುವ ತಾಹೊ ನದಿ. ಸ್ಪೇನ್‌ನ ಈ ಹಳೇ ಊರು ಕಣ್ಣಿಗೆ ಹತ್ತಿರ, ಕಾಲಿಗೆ ದೂರ.

ಶತ್ರುವನ್ನು ತಡೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ವಿಸಿಗೋಥ್ ಅರಸರು ಇಲ್ಲಿಂದಲೇ ಆಳಿದರು. 8ನೇ ಶತಮಾನದ ಆರಂಭದಲ್ಲಿ ಊರು ಮುಸ್ಲಿಂ ದೊರೆಗಳ ಕೈಸೇರಿತು. 1085ರಲ್ಲಿ ಕ್ಯಾಸ್ಟೈಲ್‌ನ ಆರನೇ ಅಲ್ಫೊನ್ಸೊ ಗೆದ್ದುಕೊಂಡ. ದೊರೆಗಳು ಹೋದರೂ ಅರಬ್ಬಿ ಪುಸ್ತಕಗಳು ಉಳಿದವು. ಟಾಲೆಮಿಯ ‘ಅಲ್ಮಜೆಸ್ಟ್’ ಹುಡುಕಿಕೊಂಡು ಇಟಲಿಯ ಕ್ರೆಮೋನಾದಿಂದ ಬಂದ ಗೆರಾರ್ಡ್ ಎಂಬಾತ ಇಲ್ಲೇ ನೆಲೆನಿಂತು, ಅರಬ್ಬಿ ಕಲಿತು, ಹತ್ತಾರು ಗ್ರಂಥಗಳನ್ನು ಲ್ಯಾಟಿನ್‌ಗೆ ತಂದ. ಇದೇ ಊರಲ್ಲಿ ಹುಟ್ಟಿದ ಹತ್ತನೇ ಅಲ್ಫೊನ್ಸೊ ಯುವರಾಜನಾಗಿದ್ದಾಗ, 1251ರ ಹೊತ್ತಿಗೆ, ನಮ್ಮ ಪಂಚತಂತ್ರದ ಅರಬ್ಬಿ ರೂಪವನ್ನು ಕ್ಯಾಸ್ಟೈಲ್‌ನ ಜನರ ನುಡಿಗೆ ತರಿಸಿದ. ದುರ್ಗಸಿಂಹ ಪಂಚತಂತ್ರವನ್ನು ಕನ್ನಡದಲ್ಲಿ ಹೇಳಿ ಅಷ್ಟರಲ್ಲಿ ಇನ್ನೂರು ವರ್ಷ ದಾಟಿತ್ತು.

ಇಷ್ಟೆಲ್ಲ ಇದ್ದ ಊರಿಗೆ ಇಲ್ಲದ್ದು ನೀರು. ನದಿ ಕಾಲಬುಡದಲ್ಲೇ ಇತ್ತು, ಆದರೆ ಕುಡಿಯುವವರು ನೆತ್ತಿಯ ಮೇಲಿದ್ದರು. ಕತ್ತೆಗಳ ಬೆನ್ನಿಗೆ ಕೊಡ ಕಟ್ಟಿ ಹತ್ತಿಸುವ ‘ಅಸಕಾನ್’ಗಳೆಂಬ ನೀರುಗಾರರೇ ಊರಿನ ಜೀವನಾಡಿ. ಈ ಕಷ್ಟಕ್ಕೆ ಪರಿಹಾರ ಹುಡುಕಿದವನೂ ಕ್ರೆಮೋನಾದವನೇ: ಸ್ಪೇನ್ ಆಳಿದ ಚಕ್ರವರ್ತಿಗೆ ಗಡಿಯಾರ ಮಾಡಿಕೊಡುತ್ತಿದ್ದ ಹ್ವಾನೆಲೊ ತುರಿಯಾನೊ. ನದಿಯ ರಭಸಕ್ಕೆ ತಿರುಗುವ ಚಕ್ರ, ಗುಡ್ಡದ ಉದ್ದಕ್ಕೂ ಓಲಾಡುವ ಸೌಟುಗಳ ಸಾಲು. ಒಂದು ಸೌಟು ಬಾಗಿ ಮೇಲಿನದಕ್ಕೆ ಸುರಿಯಬೇಕು, ಅದು ಅದರ ಮೇಲಿನದಕ್ಕೆ. 1569ರಲ್ಲಿ ನೀರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸುಮಾರು ನೂರು ಮೀಟರ್ ಮೇಲಿನ ಅಲ್ಕಾಸರ್ ಅರಮನೆಗೆ ಏರಿತು, ಅದೂ ಒಪ್ಪಿದ್ದಕ್ಕಿಂತ ಹೆಚ್ಚಿಗೆ.

ನೀರು ಏರಿತು, ದುಡ್ಡು ಇಳಿಯಲಿಲ್ಲ. ನೀರೆಲ್ಲ ಅರಮನೆಗೇ ಹೋಗುತ್ತಿದೆ, ನಾವೇಕೆ ಕೊಡಬೇಕು ಎಂದಿತು ನಗರಾಡಳಿತ. ಊರಿಗೆಂದು ಹ್ವಾನೆಲೊ ತನ್ನ ಖರ್ಚಿನಲ್ಲೇ ಎರಡನೆಯ ಯಂತ್ರ ಕಟ್ಟಿ, ಸಾಲದಲ್ಲಿ ಮುಳುಗಿ 1585ರಲ್ಲಿ ಸತ್ತ. ಮಹಾಚರ್ಚಿನ ಪಕ್ಕದ ಬೀದಿಗೆ ಇಂದಿಗೂ ‘ಮರದ ಮನುಷ್ಯ’ ಎಂದೇ ಹೆಸರು. ಅನ್ನಕ್ಕೆ ಗತಿಯಿಲ್ಲದಾದಾಗ ಹ್ವಾನೆಲೊ ಕೀಲುಗೊಂಬೆಯೊಂದನ್ನು ಮಾಡಿ ಭಿಕ್ಷೆಗೆ ಕಳಿಸುತ್ತಿದ್ದನಂತೆ. ದಂತಕಥೆಯೇ ಇರಬಹುದು, ಆದರೆ ಊರು ತನ್ನ ತಪ್ಪನ್ನು ಮರೆತಿಲ್ಲ.

ನೀರು ಏರುವ ಮೊದಲೇ ರಾಜ ಇಳಿದು ಹೋಗಿದ್ದ. 1561ರಲ್ಲಿ ಎರಡನೇ ಫಿಲಿಪ್ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ಒಯ್ದ. ರಕ್ಷಣೆ ಕೊಟ್ಟ ಗುಡ್ಡವೇ ಬೆಳೆಯಲು ಜಾಗ ಕೊಡಲಿಲ್ಲ. ರಾಜ ಬಿಟ್ಟ ಊರಿಗೆ 1577ರಲ್ಲಿ ಕ್ರೀಟ್ ದ್ವೀಪದ ಚಿತ್ರಕಾರ ಎಲ್ ಗ್ರೆಕೊ ಬಂದು, 1614ರಲ್ಲಿ ಸಾಯುವವರೆಗೆ ಇಲ್ಲೇ ಇದ್ದ. ಅವನ ‘ಒರ್ಗಾಸ್ ಪ್ರಭುವಿನ ಅಂತ್ಯಸಂಸ್ಕಾರ’ ನೋಡಬೇಕೆಂದರೆ ಇಂದಿಗೂ ಸಾಂತೊ ತೊಮೆ ಚರ್ಚಿಗೇ ಹೋಗಬೇಕು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಭಾಗ್ಯ ಊರಿಗೆ ಬರಲಿಲ್ಲ. 999ರ ಪುಟ್ಟ ಮಸೀದಿ, ಬಿಳಿ ಕಂಬಗಳ ಯಹೂದಿ ಮಂದಿರ, ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಕಟ್ಟಿದ ಮಹಾಚರ್ಚು ಒಂದೇ ಗುಡ್ಡದಲ್ಲಿ ಉಳಿದದ್ದು ಆ ಬಡತನದ ಕೃಪೆ. 1986ರಲ್ಲಿ ಊರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಓಣಿಗಳಲ್ಲಿ ದಾರಿ ತಪ್ಪುವುದು ಖಂಡಿತ. ತಪ್ಪಿದಾಗ ಕಿವಿಗೆ ಟಕ್‌ಟಕ್ ಸದ್ದು ಬಿದ್ದರೆ ಅತ್ತ ತಿರುಗಿ. ಅದು ‘ದಮಾಸ್ಕಿನಾದೊ’ ಕೆಲಸ. ಉಕ್ಕಿನ ತಟ್ಟೆಯ ಮೇಲೆ ಕೂದಲೆಳೆಯಂಥ ಗೀರುಗಳನ್ನು ಅಡ್ಡಡ್ಡ ಉದ್ದುದ್ದ ಎಳೆದು ಮೈಯನ್ನು ತರಿತರಿ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಅಪ್ಪಟ ಚಿನ್ನದ ಎಳೆ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಮೆತ್ತನೆಯ ಚಿನ್ನ ಗೀರುಗಳೊಳಗೆ ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಬೆಸುಗೆ ಬೇಡ. ಕುದಿಯುವ ಕ್ಷಾರದಲ್ಲಿ ಅದ್ದಿದಾಗ ಉಕ್ಕು ಕಪ್ಪಾಗುತ್ತದೆ, ಚಿನ್ನ ಹೊಳೆಯುತ್ತಲೇ ಇರುತ್ತದೆ. ಬೀದರ್‌ನ ಬಿದ್ರಿ ಕೆಲಸ ಕಂಡವರಿಗೆ ನೆಂಟರ ಮನೆಗೆ ಬಂದಂತಾಗುತ್ತದೆ: ಅಲ್ಲಿ ಬೆಳ್ಳಿ, ಸತುವಿನ ಮಿಶ್ರಲೋಹ, ಕೋಟೆಯ ಮಣ್ಣು, ಇಲ್ಲಿ ಚಿನ್ನ, ಉಕ್ಕು, ಕ್ಷಾರ. ಆದರೆ ಜೇಬಿನ ಮೇಲೆ ಕೈಯಿರಲಿ. ಯಂತ್ರದಲ್ಲಿ ಒತ್ತಿದ ಸರಕೂ ಇದೇ ಬೀದಿಗಳಲ್ಲಿ ಬಿಕರಿಯಾಗುತ್ತದೆ. ತೀರಾ ಅಗ್ಗವೆನಿಸಿದರೆ ಅದಕ್ಕೆ ಸುತ್ತಿಗೆಯ ಪೆಟ್ಟು ಬಿದ್ದಿಲ್ಲವೆಂದೇ ಲೆಕ್ಕ.

2000ನೇ ಇಸವಿಯಿಂದ ಗುಡ್ಡದ ಉತ್ತರದ ಮಗ್ಗುಲಿಗೆ ಎಸ್ಕಲೇಟರ್ ಬಂದಿದೆ. ಕೋಟೆಗೋಡೆಯ ಅಂದ ಕೆಡದಂತೆ ಇಳಿಜಾರನ್ನೇ ಸೀಳಿ ಕೂರಿಸಿದ್ದಾರೆ. ಮಂಡಿನೋವಿನವರಿಗೆ ದೊಡ್ಡ ಉಪಕಾರ. ಆದರೆ ಸುಲಭವಾಗಿ ಏರಿದವರು ಸುಲಭವಾಗಿಯೇ ಇಳಿಯುತ್ತಾರೆ. ಬೆಳಿಗ್ಗೆ ಬಂದ ಗುಂಪುಗಳು ಕತ್ತಿ ಅಂಗಡಿ ನೋಡಿ, ಬಾದಾಮಿಯ ಮಾರ್ಜಿಪಾನ್ ಕಟ್ಟಿಸಿಕೊಂಡು, ಸಂಜೆಯ ರೈಲು ಹಿಡಿಯುತ್ತವೆ. ನಡುಹಗಲಲ್ಲಿ ಭುಜ ತಾಗಿಸದೆ ನಡೆಯಲಾಗದ ಓಣಿಯಲ್ಲಿ ರಾತ್ರಿ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳುತ್ತದೆ. ಒಂದು ರಾತ್ರಿ ಉಳಿದರೆ ಊರು ಸಿಗುತ್ತದೆ.

ಹೊರಡುವಾಗ ಮಾತ್ರ ಯಂತ್ರದ ಮೆಟ್ಟಿಲು ಬೇಡ. ಅಲ್ಕಾಂತರಾ ಸೇತುವೆಯತ್ತ ನಡೆದೇ ಇಳಿಯಿರಿ. ಹ್ವಾನೆಲೊನ ಚಕ್ರಗಳು ತಿರುಗಿದ್ದು ಅಲ್ಲೇ ಹತ್ತಿರದಲ್ಲಿ. ಸೇತುವೆಯ ಮೇಲೆ ನಿಂತು ತಲೆಯೆತ್ತಿ ಅಲ್ಕಾಸರ್ ನೋಡಿದರೆ, ಈ ಊರಲ್ಲಿ ಒಂದು ಕೊಡ ನೀರಿಗೆ ಎಷ್ಟು ಬೆಲೆಯಿತ್ತೆಂದು ನಿಮ್ಮ ಮಂಡಿಯೇ ಹೇಳುತ್ತದೆ.